ಮಾಮಾನ ಕನ್ವರ್ಟರ್

ಹೋದ ವರ್ಷ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ನನ್ನ ಸೋದರಮಾವ ಒಂದು ಕಪ್ಪು ಪೆಟ್ಟಿಗೆಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ನನ್ನ ಬ್ಯಾಗಿನ ಪಕ್ಕ ಇಟ್ಟರು. ‘ಗುಂಯ್ ಅಂತದ. ಆದ್ರ ರಿಪೇರಿ ಮಾಡ್ಕೊಂಡು ಬಾ’ ಎಂದರು. ಅವರು ಹೇಳಿದ್ದು ಇಷ್ಟೇ. ಸಂಕ್ರಾಂತಿಗೆ ನಾನು ಅದನ್ನು ವಾಪಸು ತಂದುಕೊಟ್ಟಾಗ ಗುಂಯ್ ಹೋಗಿತ್ತು. ಅದರ ಜೊತೆಗೆ ಅವರು ಕೇಳದೇ ಇದ್ದ ಇನ್ನೂ ಮೂರು ಕೆಲಸಗಳನ್ನು ನಾನು ಮಾಡಿದ್ದೆ. ಆ ಮೂರು ಕೆಲಸಗಳು ಕೆಲವು ತಿಂಗಳು ನನ್ನನ್ನು ಕಾಡಿದವು. ರಿಪೇರಿ ಎಲ್ಲಿ ಮುಗಿಯುತ್ತದೆ, ಸುಧಾರಣೆ ಎಲ್ಲಿ ಶುರುವಾಗುತ್ತದೆ? ಸುಧಾರಿಸಿತು ಎಂದು ಹೇಳಬೇಕಾದವರು ಯಾರು? ನಾನು ಅದನ್ನು ನನ್ನ ಕಿವಿಯಾರೆ ಕೇಳಿದ್ದೇನೆ ಎಂಬುದು ಸಾಕಾದ ಸಾಕ್ಷಿಯೇ?

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ಅಲ್ಲ. ಮೈಸೂರಿನಲ್ಲಿ ಗ್ರಂಥಸಂಪಾದನೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಒಂದೇ ಕೃತಿಯ ಐದಾರು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು, ಯಾವ ಪ್ರತಿಯಲ್ಲಿ ಯಾವ ಪದವಿದೆ, ಕವಿ ಬರೆದಿರಬಹುದಾದದ್ದು ಯಾವುದು, ಲಿಪಿಕಾರ ಸೇರಿಸಿದ್ದು ಯಾವುದು ಎಂದು ಹುಡುಕುವ ಕೆಲಸ. ಬೆಸುಗೆ ಹಾಕುವುದು ಹಾಸ್ಟೆಲಿನ ರಾತ್ರಿಗಳ ಹವ್ಯಾಸ. ಹಗಲು ಮಾಡುವ ಕೆಲಸದ ನೀತಿ ರಾತ್ರಿ ಮಾಡುವ ಕೆಲಸಕ್ಕೂ ಅನ್ವಯಿಸುತ್ತದೆ ಎಂಬುದು ನನಗೆ ಹೊಳೆದದ್ದು ತಡವಾಗಿ.

ಮೊದಲು ಈ ಪೆಟ್ಟಿಗೆ ಏನು ಮಾಡುತ್ತದೆ ಎಂದು ಹೇಳಬೇಕು. ಸಿ.ಡಿ.ಯ ಮೇಲೆ ಸಂಗೀತವಿಲ್ಲ, ಸಂಖ್ಯೆಗಳಿವೆ. ಒಂದು ಸೆಕೆಂಡಿಗೆ, ಒಂದೊಂದು ಬದಿಗೆ, 44,100 ಸಂಖ್ಯೆಗಳು. ಪ್ರತಿ ಸಂಖ್ಯೆಯೂ 16 ಬಿಟ್ಟಿನದು, ಅಂದರೆ 65,536 ಮೆಟ್ಟಿಲುಗಳಲ್ಲಿ ಒಂದು ಮೆಟ್ಟಿಲು. ಈ ಸಂಖ್ಯೆಗಳನ್ನು ಓದಿ ಅದಕ್ಕೆ ತಕ್ಕಷ್ಟು ವಿದ್ಯುತ್ತನ್ನು ಹರಿಸಿ, ಮತ್ತೆ ಅಲೆಯಾಗಿ ಮಾಡುವುದು ಡಿಜಿಟಲ್ ಕನ್ವರ್ಟರಿನ ಕೆಲಸ. ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಸಿ.ಡಿ. ಜಪಾನಿನ ಅಂಗಡಿಗಳಿಗೆ ಬಂದದ್ದು 1982ರ ಅಕ್ಟೋಬರಿನಲ್ಲಿ. ಕನ್ವರ್ಟರ್ ಪ್ಲೇಯರಿನ ಒಳಗೇ ಇರುತ್ತದೆ. ಆದರೆ ಆ ದಶಕದ ಕೊನೆಯ ಹೊತ್ತಿಗೆ ಅದನ್ನು ಮಾತ್ರ ಬೇರೆ ಪೆಟ್ಟಿಗೆಯಲ್ಲಿಟ್ಟು ಮಾರುವ ಪದ್ಧತಿಯೂ ಬಂತು. ಮಾಮಾ ಮಸ್ಕತ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, 1990ರಲ್ಲಿ, ಮೂರು ತಿಂಗಳು ಹಣ ಕೂಡಿಟ್ಟು ಅಂಥದೊಂದನ್ನು ಕೊಂಡಿದ್ದರು. ಅದರೊಳಗಿದ್ದದ್ದು ಫಿಲಿಪ್ಸ್‌ನ ಟಿಡಿಎ 1541ಎ ಎಂಬ ಚಿಪ್ಪು. ಹಳೆಯ ಕನ್ವರ್ಟರುಗಳ ಬೆನ್ನು ಹತ್ತಿದವರಿಗೆ ಈ ಹೆಸರು ಕುಲದೇವರ ಹೆಸರಿದ್ದ ಹಾಗೆ.

ಆ ಚಿಪ್ಪಿನ ಒಳಗಿನ ಒಂದು ಉಪಾಯವನ್ನು ಇಲ್ಲಿ ಹೇಳಲೇಬೇಕು. ದೊಡ್ಡ ಬಿಟ್ಟಿಗೆ ಒಂದಿಷ್ಟು ವಿದ್ಯುತ್ತು, ಅದರ ಕೆಳಗಿನದಕ್ಕೆ ಸರಿಯಾಗಿ ಅದರ ಅರ್ಧ, ಅದರ ಕೆಳಗಿನದಕ್ಕೆ ಅದರ ಅರ್ಧ, ಹೀಗೆ ಭಾಗ ಮಾಡುತ್ತ ಹೋಗಬೇಕು. ಆದರೆ ಸಿಲಿಕಾನಿನಲ್ಲಿ ಎರಡು ಭಾಗಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡಲು ಆಗುವುದಿಲ್ಲ. ಫಿಲಿಪ್ಸ್‌ನ ಎಂಜಿನಿಯರ್ ರೂಡಿ ವಾನ್ ಡೆ ಪ್ಲಾಸ್ಕೆ 1976ರಲ್ಲಿ ಪ್ರಕಟಿಸಿದ ಉಪಾಯ ಇದು: ಎರಡು ಭಾಗಗಳೂ ಸ್ವಲ್ಪ ತಪ್ಪೇ ಇರಲಿ, ಅವು ಒಂದರ ಜಾಗದಲ್ಲಿ ಇನ್ನೊಂದು ಬೇಗಬೇಗ ಸರದಿಯಂತೆ ಕೂರಲಿ. ಒಂದರ ಹೆಚ್ಚು ಇನ್ನೊಂದರ ಕಡಿಮೆಯಲ್ಲಿ ಕಳೆದುಹೋಗುತ್ತದೆ, ಸರಾಸರಿ ಸರಿಯಾಗಿ ಉಳಿಯುತ್ತದೆ. ಈ ಅದಲುಬದಲಿನ ಅಲುಗಾಟವನ್ನು ನುಣುಪು ಮಾಡಲು ಚಿಪ್ಪಿನ ಸುತ್ತ ಹದಿನಾಲ್ಕು ಪುಟ್ಟ ಕೆಪಾಸಿಟರುಗಳು ನಿಂತಿರುತ್ತವೆ. ಯಾವ ಒಂದು ಭಾಗವನ್ನೂ ಪೂರ್ತಿ ನಂಬದೆ, ಸರದಿಯನ್ನು ನಂಬುವ ಯಂತ್ರ. ಈ ಮಾತಿಗೆ ಆಮೇಲೆ ಬರುತ್ತೇನೆ.

ಗುಂಯ್ ಎನ್ನುವುದರ ಕಾರಣ ಸುಲಭದ್ದು. ಗೋಡೆಯಿಂದ ಬರುವ 50 ಹರ್ಟ್ಸ್ ವಿದ್ಯುತ್ತನ್ನು ನೇರ ಮಾಡಿದಾಗ 100 ಹರ್ಟ್ಸಿನ ಏರಿಳಿತ ಉಳಿಯುತ್ತದೆ. ಅದನ್ನು ನುಂಗುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಕೆಲಸ. ಸುರುಳಿ ಸುತ್ತಿದ ಅಲ್ಯುಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆದ ಕಾಗದ, ಕೆಳಗೆ ರಬ್ಬರ್ ಬಿರಡೆ. ವರ್ಷಗಳ ಶಾಖಕ್ಕೆ ಆ ದ್ರಾವಣ ಆರುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಆಯಸ್ಸು ಅರ್ಧ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಮೂವತ್ತು ದಾಟಿದ ಮೇಲೆ ಮಾಮಾನ ಪೆಟ್ಟಿಗೆಯ ಕೆಪಾಸಿಟರುಗಳು ತಮ್ಮ ಪಾಲಿನದನ್ನು ಮುಗಿಸಿದ್ದವು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅದೇ ಅಳತೆಯ ಹೊಸವನ್ನು ತಂದೆ. ಹಳೆಯದರ ಬೆಸುಗೆ ಕರಗಿಸಿ ತೆಗೆದು, ಧನ ಋಣ ನೋಡಿ ಹೊಸದನ್ನು ಕೂರಿಸಿದೆ. ಎರಡು ರಾತ್ರಿಯ ಕೆಲಸ. ಗುಂಯ್ ನಿಂತಿತು.

ಇಲ್ಲಿಯವರೆಗೆ ತಕರಾರಿಲ್ಲ. ಕೆಪಾಸಿಟರ್ ಆರಿಹೋಗುತ್ತದೆ ಎಂದು ಅದನ್ನು ಮಾಡಿದವರಿಗೇ ಗೊತ್ತಿತ್ತು. ಅದನ್ನು ಬದಲಾಯಿಸುವುದೆಂದರೆ ಅವರು ಕೊಟ್ಟ ಮಾತನ್ನು ಮುಂದುವರಿಸಿದ ಹಾಗೆ. ಓಲೆಯ ಅಂಚು ಮುರಿದು ಅರ್ಧ ಹೋದ ಅಕ್ಷರವನ್ನು ಉಳಿದ ಪ್ರತಿಗಳ ಸಹಾಯದಿಂದ ತುಂಬುವುದಕ್ಕೆ ಯಾರೂ ಆಕ್ಷೇಪ ಎತ್ತುವುದಿಲ್ಲ. ನಾನು ಅಲ್ಲಿಗೆ ಮುಚ್ಚಳ ಮುಚ್ಚಿ ನಾಲ್ಕು ತಿರುಪು ಬಿಗಿಯಬೇಕಿತ್ತು.

ಬಿಗಿಯಲಿಲ್ಲ. ಮುಚ್ಚಳ ತೆರೆದಿತ್ತು, ಬೆಸುಗೆ ಕಡ್ಡಿ ಬಿಸಿಯಾಗಿತ್ತು, ಹಳೆಯ ಕನ್ವರ್ಟರುಗಳನ್ನು ಮೇಲ್ದರ್ಜೆಗೆ ಏರಿಸುವ ಬಗ್ಗೆ ನಾನು ವರ್ಷಗಟ್ಟಲೆ ಓದಿದ್ದೆಲ್ಲ ತಲೆಯಲ್ಲಿತ್ತು. ಚಿಪ್ಪಿನಿಂದ ಬಂದ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡುವ ಆಪ್-ಆಂಪ್ ಎಂಬ ಎಂಟು ಕಾಲಿನ ಹುಳ ಎನ್‌ಇ 5532. ಅದು ಹಳೆಯದು, ಸಾಮಾನ್ಯದ್ದು, ಅಗ್ಗದ್ದು. ಅದರ ಬದಲು ಎಲ್‌ಎಂ 4562 ಹಾಕಿದೆ. ಅದರ ದತ್ತಾಂಶ ಹಾಳೆಯಲ್ಲಿನ ಅಂಕಿಗಳು ಬಹುಪಾಲು ಮೇಲು. ಕೇಳಿದೆ. ಧ್ವನಿ ಬಿಡಿಬಿಡಿಯಾಗಿ, ತೊಳೆದ ಹಾಗೆ ಕೇಳಿಸಿತು. ಅಂದು ರಾತ್ರಿ ನೋಟ್‌ಬುಕ್ಕಿನಲ್ಲಿ ‘ತಂಬೂರಿಯ ತಂತಿಗಳು ಈಗ ಬೇರೆಬೇರೆ ಕಾಣುತ್ತವೆ’ ಎಂದು ಬರೆದಿದ್ದೇನೆ.

ಎರಡನೆಯದು ಫಿಲ್ಟರ್. ಮಾಮಾನ ಪೆಟ್ಟಿಗೆಯಲ್ಲಿ ಕನ್ವರ್ಟರ್ ಚಿಪ್ಪಿಗಿಂತ ಮುಂಚೆ ಎಸ್‌ಎಎ 7220 ಎಂಬ ಇನ್ನೊಂದು ಚಿಪ್ಪು ಇತ್ತು. ಅದು ಬಂದ ಸಂಖ್ಯೆಗಳ ನಡುವೆ ಲೆಕ್ಕ ಹಾಕಿ ಇನ್ನಷ್ಟು ಸಂಖ್ಯೆಗಳನ್ನು ಸೇರಿಸಿ, ಒಂದಕ್ಕೆ ನಾಲ್ಕು ಮಾಡಿ ಮುಂದಕ್ಕೆ ಕಳಿಸುತ್ತದೆ. ಅಲೆಯ ಜೊತೆ ಹುಟ್ಟುವ, ಕಿವಿಗೆ ಬೇಡದ ಮೇಲಿನ ಪಡಿನೆರಳುಗಳನ್ನು ತೆಗೆಯುವುದು ಹೀಗೆ ಸುಲಭವಾಗುತ್ತದೆ. ಜಪಾನಿನ ರ್ಯೋಹೆಯಿ ಕುಸುನೊಕಿ 1990ರ ದಶಕದಲ್ಲಿ ಈ ಫಿಲ್ಟರೇ ಬೇಡ, ಸಿ.ಡಿ.ಯಲ್ಲಿದ್ದ ಸಂಖ್ಯೆಗಳನ್ನಷ್ಟೇ ನೇರವಾಗಿ ಕೊಡೋಣ ಎಂದು ವಾದಿಸಿದರು. ಆ ವಾದ ನನಗೆ ಕೇಳಿದ ಕೂಡಲೇ ಹಿಡಿಸಿತ್ತು. ಲಿಪಿಕಾರ ಸೇರಿಸಿದ ಪಾದಗಳನ್ನೆಲ್ಲ ತೆಗೆದುಹಾಕಿ ಕವಿಯ ಪಾಠವನ್ನಷ್ಟೇ ಉಳಿಸಿಕೊಂಡ ಹಾಗೆ ಎನಿಸಿತ್ತು. ಚಿಪ್ಪನ್ನು ಕಿತ್ತು, ಅದರ ಜಾಗದಲ್ಲಿ ತುಂಡು ತಂತಿಗಳಿಂದ ದಾರಿ ಮಾಡಿದೆ. ಧ್ವನಿ ಮೆತ್ತಗಾಯಿತು, ಸಿಹಿಯಾಯಿತು. ‘ಡಿಜಿಟಲ್ ಅನ್ನಿಸುವುದೇ ಇಲ್ಲ’ ಎಂದು ಬರೆದೆ.

ಮೂರನೆಯದು ರಿಲೇ. ಪೆಟ್ಟಿಗೆಯ ಕೊನೆಯಲ್ಲಿ ಒಂದು ಪುಟ್ಟ ಯಾಂತ್ರಿಕ ಸ್ವಿಚ್ಚು ಇತ್ತು. ಹಚ್ಚಿದ ಕೆಲವು ಸೆಕೆಂಡು ಅದು ದಾರಿಯನ್ನು ತುಂಡರಿಸಿ ಇಟ್ಟಿರುತ್ತದೆ. ಒಳಗೆಲ್ಲ ಸ್ಥಿರವಾದ ಮೇಲೆ ಕೂಡುತ್ತದೆ, ಆಗ ಧ್ವನಿ ಹೊರಗೆ ಬರುತ್ತದೆ. ಹಳೆಯ ರಿಲೇಯ ತುದಿಗಳು ಕಿಲುಬು ಹಿಡಿಯುತ್ತವೆ, ಧ್ವನಿ ಅದರ ಮೂಲಕವೇ ಹಾಯಬೇಕು, ಆದ್ದರಿಂದ ತೆಗೆಯುವುದು ಒಳ್ಳೆಯದು ಎಂಬುದು ನಾನು ಓದಿದ ಬುದ್ಧಿವಾದ. ತೆಗೆದೆ. ಅದನ್ನೂ ಒಣಗಿದ ಕೆಪಾಸಿಟರುಗಳನ್ನೂ ಒಂದೇ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ.

ಇದರ ನಡುವೆ ನನ್ನ ಸ್ವಂತ ದುಡ್ಡಿನ ಒಂದು ಪ್ರಸಂಗವೂ ನಡೆಯಿತು. ಟಿಡಿಎ 1541ಎ ಚಿಪ್ಪುಗಳಲ್ಲಿ ಅಳತೆಗೆ ಹೆಚ್ಚು ನಿಖರವಾದವನ್ನು ಆರಿಸಿ, ಅವುಗಳ ಬೆನ್ನ ಮೇಲೆ ಒಂದು ಪುಟ್ಟ ಕಿರೀಟದ ಗುರುತು ಹಾಕಿ ಫಿಲಿಪ್ಸ್ ಮಾರುತ್ತಿತ್ತು. ಈಗ ಆ ಕಿರೀಟಕ್ಕೆ ಬಂಗಾರದ ಬೆಲೆ. ಹೊರದೇಶದ ಒಬ್ಬ ಮಾರಾಟಗಾರನಿಂದ ಎರಡು ತಿಂಗಳ ಮೆಸ್ ಬಿಲ್ಲಿನಷ್ಟು ಕೊಟ್ಟು ಒಂದನ್ನು ತರಿಸಿದೆ. ಮಾಮಾನ ಪೆಟ್ಟಿಗೆಯಲ್ಲಿ ಕೂರಿಸಿ ಕೇಳಿದೆ. ಆಳ ಹೆಚ್ಚಿತ್ತು. ಗಾಯಕನ ಹಿಂದೆ ತಬಲಾ ಎಷ್ಟು ಮೊಳ ದೂರದಲ್ಲಿದೆ ಎಂದು ಹೇಳಬಲ್ಲೆ ಅನ್ನಿಸಿತು. ಎರಡು ವಾರದ ಮೇಲೆ ಯಾಕೋ ಅನುಮಾನ ಬಂದು ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಚಿಪ್ಪಿನ ಬೆನ್ನನ್ನು ಒರೆಸಿದೆ. ಕಿರೀಟ ಹತ್ತಿಗೆ ಬಂತು. ಅದರಡಿಯಲ್ಲಿ ಉಜ್ಜಿದ ಗೀರುಗಳಿದ್ದವು. ಅದು ಮಾಮಾನದರಂಥದೇ ಒಂದು ಸಾಧಾರಣ ಚಿಪ್ಪು.

ಆಗಲೇ ನನಗೆ ಎಚ್ಚರವಾಗಬೇಕಿತ್ತು. ಆಗಲಿಲ್ಲ. ಮೋಸ ಮಾರಿದವನದು ಎಂದುಕೊಂಡೆ, ಕಿವಿಯದು ಎಂದುಕೊಳ್ಳಲಿಲ್ಲ. ಮಾಮಾನ ಚಿಪ್ಪನ್ನು ಮತ್ತೆ ಅದರ ಜಾಗಕ್ಕೆ ಹಾಕಿದೆ, ಉಳಿದ ಮೂರು ಸುಧಾರಣೆಗಳನ್ನು ಹಾಗೆಯೇ ಬಿಟ್ಟೆ.

ಸಂಕ್ರಾಂತಿಯ ಸಂಜೆ ಪೆಟ್ಟಿಗೆಯನ್ನು ಜೋಡಿಸಿಕೊಟ್ಟೆ. ರಿಲೇ ಇಲ್ಲದ್ದರಿಂದ ಹಚ್ಚಿದ ಕೂಡಲೇ ಸ್ಪೀಕರಿನಲ್ಲಿ ಧಡ್ ಎನ್ನುವ ಅಪಾಯವಿತ್ತು. ಹಾಗಾಗಿ ಮೊದಲು ಕನ್ವರ್ಟರ್ ಹಚ್ಚಬೇಕು, ಅರ್ಧ ನಿಮಿಷ ಬಿಟ್ಟು ಆಂಪ್ಲಿಫೈಯರ್ ಹಚ್ಚಬೇಕು, ಆರಿಸುವಾಗ ಇದರ ತಿರುಗುಮುರುಗು ಎಂದು ಎಪ್ಪತ್ತೆರಡರ ಮಾಮಾನಿಗೆ ಪಾಠ ಹೇಳಿದೆ. ಅವರು ಮಕ್ಕಳ ಹಾಗೆ ತಲೆಯಾಡಿಸಿದರು. ಮಲ್ಲಿಕಾರ್ಜುನ ಮನ್ಸೂರರ ಸಿ.ಡಿ. ಹಾಕಿದರು. ಮನ್ಸೂರರನ್ನು ಅವರು ಧಾರವಾಡದಲ್ಲಿ ಎದುರು ಕೂತು ಕೇಳಿದವರು. ಒಂದು ರಾಗ ಪೂರ್ತಿ ಮುಗಿಯುವವರೆಗೆ ಮಾತಾಡಲಿಲ್ಲ.

‘ಛಲೋ ಅದ. ಗುಂಯ್ ಹೋತು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಟಕ್ ಅನ್ನಲಿಲ್ಲಲ್ಲೋ?’ ಎಂದರು.

ನಾನು ರಿಲೇಯ ಕತೆ ಹೇಳಿದೆ. ಅವರು ಪೂರ್ತಿ ಕೇಳಿ, ‘ಅದೇನು ಕೆಟ್ಟಿತ್ತೇನು?’ ಎಂದರು. ಕೆಟ್ಟಿರಲಿಲ್ಲ. ಕೆಡಬಹುದಿತ್ತು. ಅಡುಗೆಮನೆಯಿಂದ ಮಾಮಿ ದನಿ ಸೇರಿಸಿದರು: ‘ಮಸ್ಕತ್‌ನಾಗಿಂದ ಆ ಟಕ್ ಕೇಳಿ ಕೇಳಿ ರೂಢಿ ಆಗಿತ್ತಪಾ. ಇವ್ರು ಕೂತ್ರು, ಇನ್ನ ಚಹಾ ಇಡಬೇಕು ಅಂತ ಅದರಿಂದಾನೇ ತಿಳೀತಿತ್ತು.’

ಅಲ್ಲಿಗೆ ಆ ಮಾತು ಮುಗಿಯಿತು, ಎಳ್ಳುಬೆಲ್ಲ ಬಂತು. ಆದರೆ ನಾನು ಮೈಸೂರಿಗೆ ಮರಳುವ ರೈಲಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ನಾನು ಹೆಮ್ಮೆಪಟ್ಟ ಎರಡು ಸುಧಾರಣೆಗಳ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ. ಅವರ ಗಮನಕ್ಕೆ ಬಂದ ಒಂದೇ ಬದಲಾವಣೆ ಸಂಗೀತದೊಳಗೆ ಇರಲೇ ಇಲ್ಲ. ಮುದುಕರ ಕಿವಿ, ಗೊತ್ತಾಗಲಿಕ್ಕಿಲ್ಲ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಆಮೇಲೆ ಅಸಿಟೋನಿನ ಹತ್ತಿ ನೆನಪಾಯಿತು.

ಒಂದು ಒಳ್ಳೆಯ ಕೆಲಸವನ್ನು ನಾನು ಮಾಡಿದ್ದೆ. ಪ್ರತಿ ಹಂತಕ್ಕೂ ಮುಂಚೆ ಮೂರು ತುಣುಕುಗಳನ್ನು ಕನ್ವರ್ಟರಿನ ಮೂಲಕ ಹಾಯಿಸಿ ಕಂಪ್ಯೂಟರಿನಲ್ಲಿ ದಾಖಲಿಸಿಟ್ಟಿದ್ದೆ. ಓಲೆಯನ್ನು ಮುಟ್ಟುವ ಮೊದಲು ನಕಲು ಮಾಡಿಕೊಳ್ಳುವ ಅಭ್ಯಾಸ ಕೈಗೆ ಅಂಟಿತ್ತು ಅಷ್ಟೇ. ಈಗ ಆ ದಾಖಲೆಗಳನ್ನು ಕುರುಡು ಪರೀಕ್ಷೆಗೆ ಒಡ್ಡಿದೆ. ಇದರ ಕ್ರಮ ಸರಳ. ಹಳೆಯದು ಒಂದು, ಹೊಸದು ಒಂದು, ಮೂರನೆಯದು ಇವೆರಡರಲ್ಲಿ ಯಾವುದೋ ಒಂದು. ಮೂರನೆಯದು ಯಾವುದು ಎಂದು ಕೇಳಿ ಹೇಳಬೇಕು. ಕಂಪ್ಯೂಟರ್ ನನಗೆ ತಿಳಿಸದೆ ಪ್ರತಿ ಸಲವೂ ಆರಿಸುತ್ತದೆ. ಎರಡರ ಜೋರನ್ನೂ ಮೊದಲೇ ಸಮ ಮಾಡಿರಬೇಕು, ಯಾಕೆಂದರೆ ಕೂದಲೆಳೆಯಷ್ಟು ಜೋರಾದದ್ದು ಜೋರೆಂದು ಗೊತ್ತಾಗುವುದಿಲ್ಲ, ಚೆನ್ನಾಗಿದೆ ಎಂದು ಗೊತ್ತಾಗುತ್ತದೆ. ಹದಿನಾರು ಸಲ ಮಾಡಿದೆ. ಹದಿನಾರು ಪ್ರಶ್ನೆಗೆ ಸರಿ ತಪ್ಪುಗಳು 65,536 ರೀತಿಯಲ್ಲಿ ಬೀಳಬಹುದು, ಸಿ.ಡಿ.ಯ ಮೆಟ್ಟಿಲುಗಳಷ್ಟೇ. ಬರಿಯ ಊಹೆಯಿಂದ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ಆಪ್-ಆಂಪ್ ಬದಲಿಸಿದ್ದಕ್ಕೆ ನನಗೆ ಬಂದದ್ದು ಹದಿನಾರರಲ್ಲಿ ಒಂಬತ್ತು. ನಾಣ್ಯ ಚಿಮ್ಮಿದವರಲ್ಲೂ ನೂರಕ್ಕೆ ನಲವತ್ತು ಜನ ಅಷ್ಟು ತೆಗೆಯುತ್ತಾರೆ. ಬೇರೆಬೇರೆ ಕಂಡಿದ್ದ ತಂಬೂರಿಯ ತಂತಿಗಳು ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಇದ್ದವು. ಎನ್‌ಇ 5532 ಎಂಬ ಅದೇ ಅಗ್ಗದ ಹುಳ ಸ್ಟುಡಿಯೋಗಳ ಮಿಕ್ಸಿಂಗ್ ಕನ್ಸೋಲುಗಳಲ್ಲಿ ದಶಕಗಳಿಂದ ರಾಶಿರಾಶಿಯಾಗಿ ಕೂತಿದೆ. ಎಷ್ಟೋ ಹಾಡುಗಳು ನಮ್ಮ ಮನೆಗೆ ಬರುವ ಮೊದಲೇ ಅಂಥವನ್ನು ಹತ್ತಾರು ಸಲ ದಾಟಿ ಬಂದಿರುತ್ತವೆ. ಕೊನೆಯದೊಂದನ್ನು ಬದಲಿಸಿ ನಾನು ಶುದ್ಧೀಕರಣ ಮಾಡಿದೆ ಎಂದುಕೊಂಡಿದ್ದೆ.

ಫಿಲ್ಟರ್ ತೆಗೆದದ್ದಕ್ಕೆ ಹದಿನಾರರಲ್ಲಿ ಹದಿನಾಲ್ಕು. ಇದು ಊಹೆಯಲ್ಲ, ವ್ಯತ್ಯಾಸ ನಿಜಕ್ಕೂ ಇದೆ. ಆದರೆ ಏನು ವ್ಯತ್ಯಾಸ? ಫಿಲ್ಟರ್ ಇಲ್ಲದೆ ಒಂದೊಂದು ಸಂಖ್ಯೆಯನ್ನೂ ಮುಂದಿನದು ಬರುವವರೆಗೆ ಹಾಗೇ ಹಿಡಿದಿಟ್ಟುಕೊಂಡಾಗ ಮೇಲಿನ ಸ್ವರಗಳು ಕುಗ್ಗುತ್ತವೆ. 10 ಕಿಲೋಹರ್ಟ್ಸಿನಲ್ಲಿ ಮುಕ್ಕಾಲು ಡೆಸಿಬಲ್, 20ರಲ್ಲಿ ಮೂರು ಡೆಸಿಬಲ್‌ಗಿಂತ ತುಸು ಹೆಚ್ಚು. ಲೆಕ್ಕ ಹಾಕಿದರೆ ಸಿಗುವ ಅಂಕಿ, ನನ್ನ ದಾಖಲೆಯಲ್ಲೂ ಹಾಗೇ ಇತ್ತು. ನಾನು ಸಿಹಿ ಎಂದು ಕರೆದದ್ದರ ಬಹುಪಾಲು ಟ್ರೆಬಲ್ ಗುಂಡಿಯನ್ನು ತುಸು ಹಿಂದಕ್ಕೆ ತಿರುಗಿಸಿದ್ದು. ಅದು ಯಾರಿಗಾದರೂ ಇಷ್ಟವಾದರೆ ತಪ್ಪಿಲ್ಲ. ಆದರೆ ಅದನ್ನು ‘ಮೂಲಕ್ಕೆ ಹೆಚ್ಚು ಹತ್ತಿರ’ ಎಂದು ಕರೆದರೆ ತಪ್ಪು. ನಾನು ಕವಿಯ ಪಾಠವನ್ನು ಉಳಿಸಿರಲಿಲ್ಲ, ನನಗೆ ಹಿಡಿಸುವ ಪಾಠವನ್ನು ಮಾಡಿಕೊಂಡಿದ್ದೆ.

ಗ್ರಂಥಸಂಪಾದನೆಯ ತರಗತಿಯಲ್ಲಿ ಮೊದಲು ಕಲಿಸುವ ಸಂಗತಿಗಳಲ್ಲಿ ಇದೂ ಒಂದು: ದಡ್ಡ ಲಿಪಿಕಾರನಿಗಿಂತ ಜಾಣ ಲಿಪಿಕಾರ ಅಪಾಯಕಾರಿ. ದಡ್ಡ ಮಾಡಿದ ತಪ್ಪು ತಪ್ಪಾಗಿಯೇ ಕಾಣುತ್ತದೆ. ಛಂದಸ್ಸು ಕುಂಟುತ್ತದೆ, ಅರ್ಥ ಕೆಡುತ್ತದೆ, ಸಂಪಾದಕನಿಗೆ ಸುಳಿವು ಸಿಗುತ್ತದೆ. ಜಾಣನಾದವನು ತನಗೆ ಗೊತ್ತಾಗದ ಪದವನ್ನು ತೆಗೆದು ಚೆಂದದ ಪದವನ್ನು ಕೂರಿಸುತ್ತಾನೆ, ಮಾತ್ರೆಯೂ ಕೂಡುತ್ತದೆ, ಅರ್ಥವೂ ಹೊಂದುತ್ತದೆ. ಮೂಲ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅವನು ಕೇಡು ಬಗೆಯುವವನಲ್ಲ, ಕೃತಿಯನ್ನು ಪ್ರೀತಿಸುವವನು. ಹಗಲೆಲ್ಲ ಅಂಥವನನ್ನು ಬೈಯುವ ನಾನು ರಾತ್ರಿ ಅವನೇ ಆಗಿದ್ದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕೇಳಿದ್ದು ನಿಜವೋ ಭ್ರಮೆಯೋ, ಸುಖವಂತೂ ನಿಜವಲ್ಲವೇ? ನಕಲಿ ಕಿರೀಟದ ಚಿಪ್ಪು ಇದ್ದ ಎರಡು ವಾರ ನಾನು ಸಂಗೀತವನ್ನು ಹೆಚ್ಚು ಗಮನವಿಟ್ಟು, ಹೆಚ್ಚು ಸಂತೋಷದಿಂದ ಕೇಳಿದ್ದೆ. ಆ ಸಂತೋಷವನ್ನು ಅಸಿಟೋನ್ ಹಿಂದಕ್ಕೆ ಹೋಗಿ ಅಳಿಸಲಾರದು. ಸಂಗೀತ ಕೇಳುವುದೇ ಸಂತೋಷಕ್ಕಾದರೆ, ಕುರುಡು ಪರೀಕ್ಷೆ ಮಾಡಿ ಅದನ್ನು ಕಸಿಯುವುದು ಯಾವ ಪುರುಷಾರ್ಥ?

ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಮಾಮಾನ ಟಕ್ ಸದ್ದನ್ನು ತೆಗೆದುಕೊಳ್ಳಿ. ಅದರಿಂದ ಮನ್ಸೂರರ ದನಿ ಒಂದು ಎಳೆಯೂ ಬದಲಾಗುವುದಿಲ್ಲ. ಆದರೂ ಅದು ಮಾಮಾ ಸಂಗೀತ ಕೇಳುವುದರ ಒಂದು ಭಾಗ. ಮಸ್ಕತ್‌ನ ಬಿಸಿಲಿನಲ್ಲಿ ದಿನವಿಡೀ ದುಡಿದು ಬಂದು, ಸ್ನಾನ ಮಾಡಿ, ಪೆಟ್ಟಿಗೆ ಹಚ್ಚಿ, ಟಕ್ ಎಂದಾಗ ಅವರಿಗೆ ದಿನದ ಕೆಲಸ ಮುಗಿಯುತ್ತಿತ್ತು. ಸಂಜೆ ದೀಪ ಹಚ್ಚಿ ಕೂರುವವರು ದೀಪದಿಂದ ಹಾಡಿನ ಶ್ರುತಿ ಸರಿಯಾಯಿತು ಎನ್ನುವುದಿಲ್ಲ. ಆದರೂ ದೀಪವಿಲ್ಲದೆ ಕೂರಲಾರರು.

ಹಾಗಾದರೆ ನನ್ನ ಕಿರೀಟಕ್ಕೂ ಅವರ ಟಕ್‌ಗೂ ಏನು ವ್ಯತ್ಯಾಸ? ಎರಡೂ ಅಲೆಯಲ್ಲಿ ಇಲ್ಲ, ಎರಡೂ ಸುಖ ಕೊಟ್ಟವು. ನನಗೆ ತೋರುವ ವ್ಯತ್ಯಾಸ ಇಷ್ಟು: ಮಾಮಾನ ಸುಖ ಏನನ್ನೂ ಪ್ರತಿಪಾದಿಸುವುದಿಲ್ಲ. ರಿಲೇ ಇದ್ದರೆ ಧ್ವನಿ ಮೇಲು ಎಂದು ಅವರು ಎಂದೂ ಹೇಳಲಿಲ್ಲ. ನನಗೆ ಅದು ರೂಢಿ ಎಂದರು, ಅಷ್ಟೇ. ಆ ಮಾತು ಪೂರ್ತಿ ಸತ್ಯ, ಅದನ್ನು ಯಾವ ಪರೀಕ್ಷೆಯೂ ಸುಳ್ಳು ಮಾಡಲಾರದು. ನನ್ನ ಸುಖ ಒಂದು ಹೇಳಿಕೆಯ ಮೇಲೆ ನಿಂತಿತ್ತು. ಈ ಪೆಟ್ಟಿಗೆ ಈಗ ಮೊದಲಿಗಿಂತ ಒಳ್ಳೆಯದು ಎಂಬುದು ಆ ಹೇಳಿಕೆ. ಅದನ್ನು ನಂಬಿ ನಾನು ಇನ್ನೊಬ್ಬರ ವಸ್ತುವನ್ನು ಕತ್ತರಿಸಿದೆ, ಅವರ ದುಡ್ಡು ಖರ್ಚು ಮಾಡಿದೆ, ಎಪ್ಪತ್ತೆರಡು ವರ್ಷದವರಿಗೆ ಸ್ವಿಚ್ಚು ಹಾಕುವ ಹೊಸ ಕ್ರಮ ಕಲಿಸಿದೆ. ನನ್ನೊಳಗೇ ಇದ್ದಿದ್ದರೆ ಆ ಭ್ರಮೆ ನಿರುಪದ್ರವಿ. ಅದು ಇನ್ನೊಬ್ಬರ ಮನೆಯ ಬಾಗಿಲು ದಾಟಿದಾಗ ಅದಕ್ಕೆ ಸಾಕ್ಷಿ ಕೇಳುವ ಹಕ್ಕು ಅವರಿಗಿದೆ. ಅವರು ಕೇಳದಿದ್ದರೆ ನಾನೇ ಕೇಳಿಕೊಳ್ಳಬೇಕು.

ಕುರುಡು ಪರೀಕ್ಷೆಯೇ ಅಂತಿಮ ಎನ್ನುವವನೂ ನಾನಲ್ಲ. ನನ್ನ ದಾಖಲೆಯ ಯಂತ್ರಕ್ಕೆ ಅದರದೇ ಮಿತಿಗಳಿವೆ. ಹದಿನಾರು ಸಲ ಕೇಳಿದರೆ ಕಿವಿ ದಣಿಯುತ್ತದೆ. ನನಗೆ ಕೇಳದ್ದು ಇನ್ನೊಬ್ಬರಿಗೆ ಕೇಳಬಹುದು. ಅದು ಹೇಳುವುದು ಇಷ್ಟನ್ನೇ: ಈ ಒಬ್ಬ ಮನುಷ್ಯ, ಈ ತುಣುಕುಗಳಲ್ಲಿ, ಹೆಸರು ಮುಚ್ಚಿಟ್ಟಾಗ ಗುರುತಿಸಲಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿ ತಂಬೂರಿಯ ತಂತಿ ಎಣಿಸಿದವನೂ ಇದೇ ಮನುಷ್ಯ. ಅವನ ಮಟ್ಟಿಗೆ ಅದು ಸಾಕು. ಟಿಡಿಎ 1541ರ ಒಳಗಿನ ಉಪಾಯ ಆಗ ನನಗೆ ಇನ್ನೊಂದು ರೀತಿಯಲ್ಲಿ ಅರ್ಥವಾಯಿತು. ಒಂದು ರಾತ್ರಿ ಒಂದು ಸಲ ಕೇಳಿದ ಕಿವಿ ಸ್ವಲ್ಪ ತಪ್ಪಿರುವ ಭಾಗದ ಹಾಗೆ. ಅದನ್ನು ತೆಗೆದು ಎಸೆಯಬೇಕಿಲ್ಲ, ಅದೇ ಪ್ರಮಾಣ ಎಂದುಕೊಳ್ಳಲೂಬಾರದು. ಸರದಿಯಲ್ಲಿ ಮತ್ತೆ ಮತ್ತೆ ಕೂರಿಸಿದರೆ ಏನು ಉಳಿಯುತ್ತದೆಯೋ ಅದನ್ನು ನೋಡಬೇಕು.

ಇದನ್ನೆಲ್ಲ ಮಾಮಾನಿಗೆ ಹೇಳಬೇಕೇ ಬೇಡವೇ ಎಂಬುದು ಉಳಿದಿತ್ತು. ಅವರು ಛಲೋ ಅದ ಎಂದಿದ್ದರು. ಸುಮ್ಮನಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. ಆದರೆ ರಿಪೇರಿಗೆಂದು ಅವರು ಕೊಟ್ಟ ಐದು ಸಾವಿರ ರೂಪಾಯಿಯಲ್ಲಿ ರಿಪೇರಿಗೆ ಹೋದದ್ದು ಒಂದು ಸಾವಿರವೂ ಅಲ್ಲ. ಉಳಿದದ್ದು ನನ್ನ ಕುತೂಹಲಕ್ಕೆ, ಹೊಸ ಉಪಕರಣಗಳಿಗೆ, ಓಡಾಟಕ್ಕೆ ಹೋಗಿತ್ತು. ಫೋನ್ ಮಾಡಿ ಎಲ್ಲ ಹೇಳಿದೆ. ಒಂಬತ್ತು, ಹದಿನಾಲ್ಕು, ಮುಕ್ಕಾಲು ಡೆಸಿಬಲ್ ಎಲ್ಲವನ್ನೂ.

ಮಾಮಾ ನಕ್ಕರು. ‘ಆ ಮ್ಯಾಲಿನ ಸ್ವರ ನನಗ ಕೇಳಿ ಹತ್ತು ವರ್ಷ ಆತು. ನೀ ಇಟ್ರೂ ಅಷ್ಟ, ತಗದ್ರೂ ಅಷ್ಟ. ನನಗ ಮನ್ಸೂರರು ಅರ್ಧ ಪೆಟ್ಟಿಗ್ಯಾಗಿಂದ ಬರ್ತಾರ, ಅರ್ಧ ನೆನಪಿನಾಗಿಂದ ಬರ್ತಾರ’ ಎಂದರು. ಆಮೇಲೆ, ‘ತಗದ ಸಾಮಾನು ಎಲ್ಲಿಟ್ಟಿ?’ ಎಂದು ಕೇಳಿದರು.

ಅದೇ ಸರಿಯಾದ ಪ್ರಶ್ನೆ, ಅದಕ್ಕೆ ನನ್ನ ಬಳಿ ಅರ್ಧ ಉತ್ತರವಿತ್ತು. ಫಿಲ್ಟರ್ ಚಿಪ್ಪೂ ಆಪ್-ಆಂಪ್ ಕೂಡ ಡಬ್ಬಿಯಲ್ಲಿದ್ದವು, ಬೆಲೆಬಾಳುತ್ತವೆ ಎಂಬ ಕಾರಣಕ್ಕೆ. ರಿಲೇ ಇರಲಿಲ್ಲ. ನನ್ನ ಓದಿನಲ್ಲಿ ಒಪ್ಪದ ಪಾಠವನ್ನೂ ಎಸೆಯುವುದಿಲ್ಲ, ಪುಟದ ಅಡಿಯಲ್ಲಿ ಪಾಠಾಂತರ ಎಂದು ಕೊಡುತ್ತೇವೆ. ನನ್ನ ತೀರ್ಮಾನ ತಪ್ಪಾದರೆ ಮುಂದಿನವನು ಅಲ್ಲಿಂದ ಎತ್ತಿಕೊಳ್ಳಲಿ ಎಂದು. ಸಂಪಾದಕನಿಗೆ ತಿದ್ದುವ ಅಧಿಕಾರ ಬರುವುದೇ ತಿದ್ದಿದ್ದನ್ನು ತೋರಿಸುವುದರಿಂದ. ಬೆಲೆಯಿರುವುದನ್ನು ಮಾತ್ರ ಇಟ್ಟುಕೊಂಡೆ ಎಂದರೆ, ಯಾವುದಕ್ಕೆ ಬೆಲೆ ಎಂದು ನಾನೊಬ್ಬನೇ ತೀರ್ಮಾನಿಸಿದೆ ಎಂದೇ ಅರ್ಥ.

ಯುಗಾದಿಗೆ ಮತ್ತೆ ಧಾರವಾಡಕ್ಕೆ ಹೋದೆ, ಬೆಸುಗೆ ಕಡ್ಡಿ ಹಿಡಿದುಕೊಂಡು. ಫಿಲ್ಟರ್ ಚಿಪ್ಪನ್ನು ಅದರ ಜಾಗಕ್ಕೆ ಹಾಕಿದೆ. ಮಾಮಾನಿಗೆ ಕೇಳದಿರಬಹುದು, ಮನೆಗೆ ಬರುವ ಮೊಮ್ಮಗಳಿಗೆ ಕೇಳುತ್ತದೆ, ಅವಳು ಕೇಳಬೇಕಾದದ್ದು ನನ್ನ ರುಚಿಯನ್ನಲ್ಲ. ಆಪ್-ಆಂಪನ್ನು ಹಾಗೇ ಬಿಟ್ಟೆ. ವ್ಯತ್ಯಾಸವೇ ಇಲ್ಲದಿದ್ದರೆ ಹಳೆಯದನ್ನು ಮತ್ತೆ ಹಾಕುವುದೂ ಇನ್ನೊಂದು ಶಾಸ್ತ್ರವಷ್ಟೇ. ಇನ್ನೊಮ್ಮೆ ಬಿಸಿ ಮಾಡಿದರೆ ಹಳೆಯ ಬೋರ್ಡಿನ ತಾಮ್ರ ಎದ್ದುಬರುವ ಭಯವೂ ಇತ್ತು. ಹಳೆಯದನ್ನು ಪುಟ್ಟ ಪೊಟ್ಟಣದಲ್ಲಿ ಹಾಕಿ ಪೆಟ್ಟಿಗೆಯೊಳಗೇ ಅಂಟಿಸಿದೆ. ಎಸ್.ಪಿ. ರಸ್ತೆಯಿಂದ ತಂದ ಹೊಸ ರಿಲೇಯನ್ನು ಕೂರಿಸಿದೆ. ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದೆ: ಯಾವ ದಿನ, ಯಾವ ಭಾಗ, ಏನಿತ್ತು, ಏನು ಹಾಕಿದೆ, ಯಾಕೆ. ಆಪ್-ಆಂಪಿನ ಸಾಲಿನ ಮುಂದೆ ‘ಕಿವಿಗೆ ವ್ಯತ್ಯಾಸ ಗೊತ್ತಾಗಿಲ್ಲ’ ಎಂದು ಬರೆದೆ. ಉಳಿದ ನಾಲ್ಕು ಸಾವಿರವನ್ನು ಮೇಜಿನ ಮೇಲಿಟ್ಟಾಗ ಮಾಮಾ ಬೈದರು. ಮಾಮಿ ಎತ್ತಿಟ್ಟುಕೊಂಡರು.

ಸಂಜೆ ಮಾಮಾ ಪೆಟ್ಟಿಗೆ ಹಚ್ಚಿದರು. ಕೆಲವು ಸೆಕೆಂಡು ಮೂವರೂ ಸುಮ್ಮನಿದ್ದೆವು. ಹೊಸ ರಿಲೇ ಚಿಕ್ಕದು, ಹಗುರ.

‘ಇದು ಟಿಕ್ ಅಂತದ’ ಎಂದರು ಮಾಮಾ. ಸ್ವಲ್ಪ ಯೋಚಿಸಿ, ‘ಇರ್ಲಿ ಬಿಡು, ರೂಢಿ ಆಗ್ತದ’ ಎಂದರು.

ಮಾಮಿ ಚಹಾ ಇಡಲು ಎದ್ದರು.